ಕೋನಕ್ಕೆ ಅವ್ಯಕ್ತ ಇಡುವವರು ಯಾರು?

ಎರಡು ಸಮಾಂತರ ರೇಖೆಗಳು, ಅವನ್ನು ಕತ್ತರಿಸುವ ಒಂದು ಛೇದಕ. ಮೇಲಿನ ರೇಖೆಯ ಬಳಿ ಒಂದು ಕೋನದೊಳಗೆ (3ಯಾ + 20)° ಎಂದು ಅಚ್ಚಾಗಿದೆ, ಕೆಳಗಿನ ರೇಖೆಯ ಬಳಿ ಇನ್ನೊಂದರೊಳಗೆ (5ಯಾ − 40)° ಎಂದು. ‘ಯಾ ಬೆಲೆ ಕಂಡುಹಿಡಿಯಿರಿ’ ಎಂಬುದು ಪ್ರಶ್ನೆ. ಹೈಸ್ಕೂಲಿನ ಮೆಟ್ಟಿಲು ಹತ್ತಿದವರೆಲ್ಲ ಇಂಥ ಲೆಕ್ಕಗಳನ್ನು ಡಜನ್‌ಗಟ್ಟಲೆ ಮಾಡಿಯೇ ಇಳಿದಿರುತ್ತಾರೆ. ಪಠ್ಯಪುಸ್ತಕದಲ್ಲಿ ‘ಯಾ’ ಇರುವ ಜಾಗದಲ್ಲಿ ಇಂಗ್ಲಿಷಿನ ಎಕ್ಸ್ ಇರುತ್ತದೆ, ಅಷ್ಟೆ. 1150ರ ಸುಮಾರಿಗೆ ‘ಬೀಜಗಣಿತ’ ಬರೆದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಮೊದಲ ರಾಶಿಯನ್ನು ಯಾವತ್ತಾವತ್ ಎಂದು ಕರೆದು ‘ಯಾ’ ಎಂದು ಗುರುತಿಸುತ್ತಿದ್ದರು. ಎರಡನೆಯದು, ಮೂರನೆಯದು ಬೇಕಾದರೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರು ಹಿಡಿದು ಕಾ, ನೀ ಎಂದು ಮುಂದುವರಿಯುತ್ತಿದ್ದರು. ಈ ಲೇಖನದ ಮಟ್ಟಿಗೆ ಅದೇ ಪದ್ಧತಿ ಇರಲಿ.

ಮೇಲಿನ ಚಿತ್ರದ ಕೋನಗಳನ್ನು ಪರ್ಯಾಯ ಕೋನಗಳೆಂದು ಗುರುತಿಸಿದ ಹುಡುಗಿ ಎರಡನ್ನೂ ಸಮ ಮಾಡುತ್ತಾಳೆ: 3ಯಾ + 20 = 5ಯಾ − 40. ಯಾ 30, ಕೋನ 110°. ಪಕ್ಕದಲ್ಲಿ ಕೂತ ಹುಡುಗ ಅವು ಛೇದಕದ ಒಂದೇ ಬದಿಯ ಒಳಕೋನಗಳು ಎಂದುಕೊಳ್ಳುತ್ತಾನೆ. ಅವನ ಲೆಕ್ಕದಲ್ಲಿ ಮೊತ್ತ 180 ಆಗಬೇಕು: 8ಯಾ − 20 = 180. ಯಾ 25, ಕೋನಗಳು 95° ಮತ್ತು 85°. ಇಬ್ಬರ ಉತ್ತರವೂ ಭಿನ್ನರಾಶಿಯ ಕಾಟವಿಲ್ಲದೆ ದುಂಡಗೆ ಬಂತು. ಬೀಜಗಣಿತದಲ್ಲಿ ಇಬ್ಬರದೂ ಒಂದು ಚುಕ್ಕೆಯಷ್ಟೂ ತಪ್ಪಿಲ್ಲ. ಹುಡುಗ ಎಡವಿದ್ದು ಚಿತ್ರ ಓದುವಲ್ಲಿ. ಆದರೆ ಹಾಗೆಂದು ಅವನಿಗೆ ಹೇಳುವ ಯಾವುದೂ ಆ ಸಮೀಕರಣದಲ್ಲಿಲ್ಲ. ಸಮೀಕರಣಕ್ಕೆ ನಾವು ಏನು ಹೇಳಿದೆವೋ ಅದನ್ನೇ ನಂಬಿಕೊಂಡು ಅದು ಕೊನೆಯವರೆಗೆ ನಡೆಯುತ್ತದೆ.

ಈ ಲೆಕ್ಕದಲ್ಲಿ ಇನ್ನೂ ಒಂದು ವಿಚಿತ್ರ ಇದೆ. ‘ಯಾ’ ಎನ್ನುವುದು ಆ ಚಿತ್ರದಲ್ಲಿ ಎಲ್ಲಿದೆ? 30 ಡಿಗ್ರಿಯ ಕೋನ ಅಲ್ಲಿ ಎಲ್ಲೂ ಇಲ್ಲ. ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪ್ರಶ್ನೆ ತೆಗೆದವರು ಮೊದಲು 110 ಎಂದು ನಿರ್ಧರಿಸಿ, ಆಮೇಲೆ ಅದನ್ನು ಮುಚ್ಚಿಡಲು 3ಯಾ + 20 ಎಂಬ ಹೊದಿಕೆ ಹೊದಿಸಿದ್ದಾರೆ. ಹೊದಿಕೆ ತೆಗೆಯುವುದೇ ವಿದ್ಯಾರ್ಥಿಯ ಕೆಲಸ. ಎಷ್ಟೋ ಮಕ್ಕಳು ಯಾ = 30 ಎಂದು ಬರೆದು ಕೆಳಗೆ ಗೆರೆ ಎಳೆದು, ಅದೇ ಕೋನ ಎಂದುಕೊಂಡು ಮುಂದಿನ ಲೆಕ್ಕಕ್ಕೆ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೋನ ಕಂಡುಹಿಡಿಯಲು ಬೀಜಗಣಿತ ಬೇಡ ಎಂದು ನಾನು ವಾದಿಸುತ್ತಿಲ್ಲ. ಬೇಕು, ಈಗ ಕಲಿಸುತ್ತಿರುವುದಕ್ಕಿಂತ ಹೆಚ್ಚಾಗಿಯೇ ಬೇಕು. ನನ್ನ ತಕರಾರು ಇಷ್ಟೆ: ಅವ್ಯಕ್ತವನ್ನು ಪುಸ್ತಕ ಇಟ್ಟುಕೊಡಬಾರದು, ಅದನ್ನು ಎಲ್ಲಿ ಇಡಬೇಕೆಂದು ವಿದ್ಯಾರ್ಥಿಯೇ ಚಿತ್ರ ನೋಡಿ ತೀರ್ಮಾನಿಸಬೇಕು. ಅದೊಂದು ತೀರ್ಮಾನದಲ್ಲಿ ರೇಖಾಗಣಿತದ ಬಹುಪಾಲು ಅಡಗಿದೆ. ಅದನ್ನು ಅಚ್ಚುಮನೆಯಲ್ಲೇ ಮುಗಿಸಿ ಕಳಿಸಿದರೆ ಮಗುವಿನ ಪಾಲಿಗೆ ಉಳಿಯುವುದು ಕೂಡುವುದು, ಕಳೆಯುವುದು, ಭಾಗಿಸುವುದು.

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಲೆಕ್ಕ ನೋಡುವುದು ಒಳ್ಳೆಯದು. ಓದುಗರು ದಯವಿಟ್ಟು ಒಂದು ಹಾಳೆ, ಪೆನ್ಸಿಲು ತೆಗೆದುಕೊಳ್ಳಬೇಕು. ಅಬಕ ಒಂದು ಸಮದ್ವಿಬಾಹು ತ್ರಿಭುಜ: ಮೇಲೆ ಅ, ಕೆಳಗೆ ಎಡಕ್ಕೆ ಬ, ಬಲಕ್ಕೆ ಕ; ಅಬ ಮತ್ತು ಅಕ ಸಮ. ಅಕ ಬಾಹುವಿನ ಮೇಲೆ ಡ ಎಂಬ ಒಂದು ಬಿಂದು ಇದೆ. ಬಕ, ಬಡ, ಡಅ ಮೂರೂ ಒಂದೇ ಉದ್ದ. ಹಾಗಾದರೆ ಮೇಲಿನ ಅ ಕೋನ ಎಷ್ಟು?

ಇಲ್ಲಿ ಒಂದೇ ಒಂದು ಸಂಖ್ಯೆ ಕೊಟ್ಟಿಲ್ಲ. ಡಿಗ್ರಿಯ ಸುದ್ದಿಯೇ ಇಲ್ಲ. ಮೊದಲ ಸಲ ನೋಡಿದವರಿಗೆ ‘ಏನೂ ಕೊಡದೆ ಕೋನ ಕೇಳಿದರೆ ಹೇಗೆ?’ ಎನ್ನಿಸುತ್ತದೆ. ಕೊಟ್ಟಿರುವುದು ಸಮತೆಗಳು ಮಾತ್ರ. ಅ ಕೋನವನ್ನು ಯಾ ಎಂದು ಇಟ್ಟುಕೊಳ್ಳೋಣ. ಡಅ, ಡಬ ಸಮವಾದ್ದರಿಂದ ಅಬಡ ಕೋನವೂ ಯಾ. ಅಬಡ ತ್ರಿಭುಜಕ್ಕೆ ಬಡಕ ಎಂಬುದು ಬಾಹ್ಯಕೋನ, ಆದ್ದರಿಂದ ಅದು 2ಯಾ. ಬಡ, ಬಕ ಸಮವಾದ್ದರಿಂದ ಕ ಕೋನವೂ 2ಯಾ. ಅಬ, ಅಕ ಸಮವಾದ್ದರಿಂದ ಇಡೀ ಬ ಕೋನವೂ 2ಯಾ. ಮೂರನ್ನೂ ಕೂಡಿಸಿದರೆ 5ಯಾ = 180. ಯಾ ಎಂದರೆ 36°.

ಐದೇ ಸಾಲು. ಒಂದೊಂದು ಸಾಲಿನ ಹಿಂದೆಯೂ ಒಂದು ಪ್ರಮೇಯ ನಿಂತಿದೆ. ಸಮ ಬಾಹುಗಳ ಎದುರಿನ ಕೋನಗಳು ಸಮ ಎಂಬುದು ಮೂರು ಸಲ ಬಂತು, ಬಾಹ್ಯಕೋನದ ಪ್ರಮೇಯ ಒಂದು ಸಲ, ಮೂರು ಕೋನಗಳ ಮೊತ್ತ ಒಂದು ಸಲ. ಕೊನೆಯ ಸಮೀಕರಣ ಬಿಡಿಸಲು ಆರನೇ ತರಗತಿಯ ಭಾಗಾಕಾರ ಸಾಕು. ಕಷ್ಟವೆಲ್ಲ ಸಮೀಕರಣ ಕಟ್ಟುವುದರಲ್ಲಿದೆ, ಸುಖವೂ ಅಲ್ಲೇ. ಯಾ ಇಲ್ಲಿ ಹೊದಿಕೆಯಲ್ಲ. ಅದು ಚಿತ್ರದ ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವಂತೆ ಕೂತಿರುವ ಕೋನ, ಉಳಿದ ಕೋನಗಳೆಲ್ಲ ಅದರ ಲೆಕ್ಕದಲ್ಲೇ ಮಾತಾಡುತ್ತವೆ. ಅವ್ಯಕ್ತವನ್ನು ಅ ಬಿಟ್ಟು ಕ ಕೋನದಲ್ಲಿ ಇಟ್ಟರೂ ಲೆಕ್ಕ ನಡೆಯುತ್ತದೆ, ಆದರೆ ಅರ್ಧಗಳು ಬಂದು ಕಾಲಿಗೆ ತೊಡರುತ್ತವೆ. ಎಲ್ಲಿಟ್ಟರೆ ಹಗುರ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ. ನಾಲ್ಕಾರು ಲೆಕ್ಕ ಮಾಡಿ ಕೈ ಪಳಗಬೇಕು.

ಈ ತ್ರಿಭುಜ ಬಹಳ ಹಳೆಯದು. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ನಾಲ್ಕನೇ ಪುಸ್ತಕದ ಹತ್ತನೇ ಪ್ರತಿಜ್ಞೆಯಲ್ಲಿ, ಪಾದದ ಒಂದೊಂದು ಕೋನವೂ ಶಿರದ ಕೋನದ ಎರಡರಷ್ಟಿರುವ ಸಮದ್ವಿಬಾಹು ತ್ರಿಭುಜವನ್ನು ರಚಿಸಿ ತೋರಿಸುತ್ತಾನೆ. ಮರುಪ್ರತಿಜ್ಞೆಯಲ್ಲೇ ಅದನ್ನು ಬಳಸಿ ವೃತ್ತದೊಳಗೆ ಸಮಪಂಚಭುಜ ಕೂರಿಸುತ್ತಾನೆ. ಅವನಲ್ಲಿ ಡಿಗ್ರಿ ಎಂಬುದಿಲ್ಲ, 36 ಎಂಬ ಅಂಕಿಯಿಲ್ಲ, ಅಕ್ಷರದ ಅವ್ಯಕ್ತವಂತೂ ಇಲ್ಲವೇ ಇಲ್ಲ. ಕೋನ ಅಳೆಯಲು ಅವನಿಗಿದ್ದದ್ದು ಲಂಬಕೋನ ಒಂದೇ. ನಮಗೆ ಭಾಗಾಕಾರದಲ್ಲಿ ಸಿಕ್ಕಿದ್ದನ್ನು ಅವನು ಕೈವಾರ ಮತ್ತು ಪಟ್ಟಿಯಿಂದ ಎಳೆದು ತೋರಿಸಬೇಕಿತ್ತು. ಅದಕ್ಕಾಗಿ ಅವನು ಎರಡನೇ ಪುಸ್ತಕದಲ್ಲೇ ಒಂದು ರೇಖೆಯನ್ನು ವಿಶಿಷ್ಟ ಅನುಪಾತದಲ್ಲಿ ಕತ್ತರಿಸುವ ಸಿದ್ಧತೆ ಮಾಡಿಟ್ಟುಕೊಂಡಿದ್ದ.

ಆ ಅನುಪಾತವನ್ನೂ ಇದೇ ಚಿತ್ರದಿಂದ ಹೊರತೆಗೆಯಬಹುದು. ಅಬ ಉದ್ದ 1 ಇರಲಿ, ಬಕ ಉದ್ದ ಕಾ ಇರಲಿ. ಡಅ ಕೂಡ ಕಾ ಆದ್ದರಿಂದ ಡಕ ಎಂದರೆ 1 − ಕಾ. ಚಿಕ್ಕ ತ್ರಿಭುಜ ಬಕಡ ದೊಡ್ಡದರ ಪಡಿಯಚ್ಚು: ಅದರಲ್ಲೂ 36, 72, 72. ಬಾಹುಗಳ ಅನುಪಾತ ಬರೆದರೆ ಕಾ² = 1 − ಕಾ. ಬಿಡಿಸಿದರೆ ಕಾ = (√5 − 1)/2, ಸುಮಾರು 0.618. ಇದರ ಅರ್ಧವೇ 18 ಡಿಗ್ರಿಯ ಸೈನ್. ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯ ಜ್ಯೋತ್ಪತ್ತಿಯಲ್ಲಿ 18 ಡಿಗ್ರಿಯ ಜ್ಯಾ ಹೇಳುವುದು ಇದನ್ನೇ: ತ್ರಿಜ್ಯದ ವರ್ಗವನ್ನು ಐದರಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಲ್ಲಿ ತ್ರಿಜ್ಯವನ್ನು ಕಳೆದು, ನಾಲ್ಕರಿಂದ ಭಾಗಿಸು. ಒಂದೇ ತ್ರಿಭುಜದಲ್ಲಿ ಬೀಜಗಣಿತ ಎರಡು ಸಲ ನುಗ್ಗಿತು, ಕೋನಕ್ಕಾಗಿ ಸರಳ ಸಮೀಕರಣವಾಗಿ, ಉದ್ದಕ್ಕಾಗಿ ವರ್ಗ ಸಮೀಕರಣವಾಗಿ.

ಈಗ ಸರಪಳಿಗೆ ಒಂದು ಕೊಂಡಿ ಸೇರಿಸೋಣ. ಅದೇ ಅಬಕ, ಅಬ ಮತ್ತು ಅಕ ಸಮ. ಡ ಬಿಂದು ಅಕ ಮೇಲೆ, ಇ ಬಿಂದು ಅಬ ಮೇಲೆ. ಬಕ, ಬಡ, ಡಇ, ಇಅ ನಾಲ್ಕೂ ಸಮ. ಅ ಕೋನವನ್ನು ಯಾ ಎಂದಿಟ್ಟು ಮೇಲಿನಿಂದ ಇಳಿಯುತ್ತ ಬಂದರೆ ಯಾ, 2ಯಾ, 3ಯಾ ಎಂದು ಕೋನಗಳು ಬೆಳೆಯುತ್ತವೆ, ಪಾದದ ಎರಡೂ ಕೋನಗಳು 3ಯಾ ಆಗುತ್ತವೆ. 7ಯಾ = 180. ಯಾ ಎಂದರೆ 25 ಪೂರ್ಣಾಂಕ 5/7 ಡಿಗ್ರಿ. ಬೀಜಗಣಿತಕ್ಕೆ ಐದರಿಂದ ಭಾಗಿಸುವುದೂ ಒಂದೇ, ಏಳರಿಂದ ಭಾಗಿಸುವುದೂ ಒಂದೇ. ಕೈವಾರಕ್ಕೆ ಹಾಗಲ್ಲ. ಈ ಕೋನ ಸಮಸಪ್ತಭುಜದ ಕೋನ, ಅದನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಹಿಡಿದು ನಿಖರವಾಗಿ ಎಳೆಯಲು ಯಾರಿಂದಲೂ ಆಗುವುದಿಲ್ಲ. ಆಗುವುದಿಲ್ಲ ಎಂಬುದನ್ನು ಸಾಧಿಸಿದ್ದೂ ಬೀಜಗಣಿತವೇ. ಯಾವ ಸಮಬಹುಭುಜಗಳನ್ನು ಎಳೆಯಬಹುದು ಎಂಬುದನ್ನು ಗಾಸ್ 1801ರ ತನ್ನ ಗ್ರಂಥದಲ್ಲಿ ಹೇಳಿದ. ಉಳಿದವು ಅಸಾಧ್ಯ ಎಂಬ ಸಾಧನೆಯನ್ನು ವಾಂಟ್ಜೆಲ್ 1837ರಲ್ಲಿ ಪ್ರಕಟಿಸಿದ. ಕೈವಾರ, ಪಟ್ಟಿಗಳಿಂದ ಹುಟ್ಟುವ ಉದ್ದಗಳೆಲ್ಲ ವರ್ಗಮೂಲಗಳ ಮೇಲೆ ವರ್ಗಮೂಲ ಹೇರಿದಂಥವು. ಏಳು ಬಾಹುಗಳ ಆಕೃತಿ ಕೇಳುವುದು ಘನ ಸಮೀಕರಣವನ್ನು.

ಇದಕ್ಕೆ ‘ಲೀಲಾವತಿ’ಯಲ್ಲೇ ಒಂದು ಸ್ವಾರಸ್ಯಕರ ಸಾಕ್ಷಿ ಸಿಗುತ್ತದೆ. ವೃತ್ತದ ವ್ಯಾಸ 1,20,000 ಇದ್ದರೆ ಅದರೊಳಗೆ ಕೂರುವ ಸಮಬಹುಭುಜಗಳ ಬಾಹು ಎಷ್ಟೆಷ್ಟು ಎಂದು ಭಾಸ್ಕರಾಚಾರ್ಯರು ಮೂರರಿಂದ ಒಂಬತ್ತು ಬಾಹುಗಳವರೆಗೆ ಪಟ್ಟಿ ಕೊಟ್ಟಿದ್ದಾರೆ. ತ್ರಿಭುಜಕ್ಕೆ 1,03,923. ಚೌಕಕ್ಕೆ 84,853. ಪಂಚಭುಜಕ್ಕೆ 70,534. ಷಡ್ಭುಜಕ್ಕೆ 60,000. ಎಂಟು ಬಾಹುಗಳದಕ್ಕೆ 45,922. ಇವತ್ತಿನ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರೆ ಈ ಐದೂ ಪೂರ್ಣಾಂಕದ ಮಟ್ಟಿಗೆ ಚಾಚೂ ತಪ್ಪದೆ ಕೂರುತ್ತವೆ. ಏಳು ಬಾಹುಗಳಿಗೆ ಅವರು ಕೊಟ್ಟಿರುವುದು 52,055, ಬರಬೇಕಾದದ್ದು 52,066. ಒಂಬತ್ತಕ್ಕೆ ಕೊಟ್ಟಿರುವುದು 41,031, ಬರಬೇಕಾದದ್ದು 41,042. ವರ್ಗಮೂಲಕ್ಕೆ ಸಿಗುವ ಐದು ಸರಿ, ಘನ ಸಮೀಕರಣ ಕೇಳುವ ಎರಡು ಮಾತ್ರ ಸ್ವಲ್ಪ ಜಾರಿವೆ. (ಭಾಸ್ಕರಾಚಾರ್ಯರ ಊರು ನಮ್ಮ ವಿಜಯಪುರವೋ, ಮಹಾರಾಷ್ಟ್ರದ ಪಾಟಣದ ಸೀಮೆಯೋ ಎಂದು ಜಗಳವಾಡುವ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಪಟ್ಟಿಯ ಮೇಲೆ ಖರ್ಚು ಮಾಡಿದರೂ ಮಕ್ಕಳಿಗೆ ಲಾಭವಿತ್ತು.)

ಗೊತ್ತಿಲ್ಲದ ಕೋನ ಸಿಕ್ಕಿತು ಎಂದಾಗ ಏನು ಸಿಕ್ಕಿದಂತಾಯಿತು? 7ಯಾ = 180 ಎಂದು ಬರೆದವನಿಗೆ ಕೋನದ ಅಳತೆ ಸಿಕ್ಕಿದೆ, ಆದರೆ ಅದನ್ನು ಎಳೆಯುವ ದಾರಿ ಸಿಕ್ಕಿಲ್ಲ, ಬಾಹುವಿನ ಉದ್ದವೂ ಸಿಕ್ಕಿಲ್ಲ. ಮೂರೂ ಬೇರೆ ಬೇರೆ ಪ್ರಶ್ನೆಗಳು, ಮೂರಕ್ಕೂ ಬೇರೆ ಬೇರೆ ದರ್ಜೆಯ ಬೀಜಗಣಿತ ಬೇಕು. ಈ ವ್ಯತ್ಯಾಸ ನಮ್ಮ ತರಗತಿಗಳಲ್ಲಿ ಮಾತಿಗೇ ಬರುವುದಿಲ್ಲ.

ಬೀಜಗಣಿತದ ಇನ್ನೊಂದು ಗುಣವನ್ನೂ ಈ ಅಚ್ಚಿನ ಲೆಕ್ಕಗಳು ಮುಚ್ಚಿಹಾಕುತ್ತವೆ: ಅವ್ಯಕ್ತವನ್ನು ಕಂಡುಹಿಡಿಯದೆಯೇ ಕೆಲಸ ಮುಗಿಸಬಹುದು. ಒಂದು ತ್ರಿಭುಜದಲ್ಲಿ ಅ ಕೋನ 70° ಎಂದು ಮಾತ್ರ ಗೊತ್ತು. ಬ ಮತ್ತು ಕ ಕೋನಗಳನ್ನು ಅರ್ಧ ಮಾಡುವ ರೇಖೆಗಳು ಒಳಗೆ ಒಂದು ಕಡೆ ಸೇರುತ್ತವೆ. ಸೇರುವಲ್ಲಿ ಆಗುವ ಕೋನ ಎಷ್ಟು? ಬ ಕೋನದ ಅರ್ಧ ಕಾ, ಕ ಕೋನದ ಅರ್ಧ ನೀ ಎಂದಿಟ್ಟರೆ 2ಕಾ + 2ನೀ = 110, ಆದ್ದರಿಂದ ಕಾ + ನೀ = 55, ಕೇಳಿದ ಕೋನ 180 − 55 = 125°. ಕಾ ಎಷ್ಟು, ನೀ ಎಷ್ಟು? ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ತ್ರಿಭುಜವನ್ನು ಎಡಕ್ಕೆ ಎಳೆದು ಬಲಕ್ಕೆ ಎಳೆದು ಹೇಗೆ ಸೊಟ್ಟ ಮಾಡಿದರೂ ಅ ಕೋನ 70 ಇರುವವರೆಗೆ ಆ ಕೋನ 125ರಲ್ಲೇ ನಿಲ್ಲುತ್ತದೆ. 70ರ ಜಾಗದಲ್ಲಿ ಯಾ ಎಂದು ಬರೆದರೆ ಉತ್ತರ 90 + ಯಾ/2, ಎಲ್ಲ ತ್ರಿಭುಜಗಳಿಗೂ ಒಂದೇ ಸಲಕ್ಕೆ. ಒಂಬತ್ತನೇ ತರಗತಿಯ ಪುಸ್ತಕದಲ್ಲೂ ಇದರ ದಾಯಾದಿ ಲೆಕ್ಕಗಳಿವೆ. ಅವುಗಳ ಮುಂದೆ ‘ಸಾಧಿಸಿ’ ಎಂದು ಬರೆದಿರುವುದರಿಂದ ಮಕ್ಕಳು ಹೆದರಿ ಬಿಟ್ಟುಬಿಡುತ್ತಾರೆ. ‘ಬೆಲೆ ಕಂಡುಹಿಡಿಯಿರಿ’ ಎಂಬ ಮಾತಿಗೆ ಒಗ್ಗಿಹೋದ ಮನಸ್ಸಿಗೆ ಬೆಲೆ ಸಿಗದೆ ಮುಗಿಯುವ ಲೆಕ್ಕ ಅರ್ಧಕ್ಕೆ ನಿಂತಂತೆ ಕಾಣುತ್ತದೆ.

ಸರಪಳಿಗೆ ಮತ್ತೊಂದು ಕೊಂಡಿ ಹಾಕೋಣ: ಬಕ, ಬಡ, ಡಇ, ಇಫ, ಫಅ ಐದೂ ಸಮ, ಡ ಮತ್ತು ಫ ಬಿಂದುಗಳು ಅಕ ಮೇಲೆ, ಇ ಬಿಂದು ಅಬ ಮೇಲೆ. ಪಾದಕೋನಗಳು 4ಯಾ, ಮೊತ್ತ 9ಯಾ = 180, ಅ ಕೋನ 20°, ಬ ಮತ್ತು ಕ 80°. ಗಣಿತದ ಗೀಳು ಇರುವವರಿಗೆ ಈ ತ್ರಿಭುಜ ಬೇರೊಂದು ಕಾರಣಕ್ಕೆ ಗೊತ್ತು. 1922ರಲ್ಲಿ ಎಡ್ವರ್ಡ್ ಲ್ಯಾಂಗ್ಲೆ ಎಂಬ ಶಿಕ್ಷಕ ಇಂಗ್ಲೆಂಡಿನ ‘ಮ್ಯಾಥಮೆಟಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಒಂದು ಪುಟ್ಟ ಸಮಸ್ಯೆ ಪ್ರಕಟಿಸಿದ. ಆ ಪತ್ರಿಕೆಗೆ ಮೊದಲ ಸಂಪಾದಕನೂ ಅವನೇ. ಅವನ ತ್ರಿಭುಜ ಇದೇ, 20-80-80. ಬ ಬಿಂದುವಿನಿಂದ ಪಾದಕ್ಕೆ 60° ಮಾಡುವಂತೆ ಒಂದು ರೇಖೆ ಎಳೆದರೆ ಅದು ಅಕ ಬಾಹುವನ್ನು ಗ ಎಂಬಲ್ಲಿ ಮುಟ್ಟುತ್ತದೆ. ಕ ಬಿಂದುವಿನಿಂದ ಪಾದಕ್ಕೆ 50° ಮಾಡುವಂತೆ ಎಳೆದದ್ದು ಅಬ ಬಾಹುವನ್ನು ಮುಟ್ಟುತ್ತದೆ. ಆ ಬಿಂದು ನಮ್ಮ ಸರಪಳಿಯ ಇ ಬಿಂದುವೇ, ಹೇಗೆಂದು ಮುಂದೆ ತಿಳಿಯುತ್ತದೆ. ಗ, ಇ ಎರಡನ್ನೂ ಸೇರಿಸಿ. ಬಗಇ ಕೋನ ಎಷ್ಟು?

ಎಲ್ಲರೂ ಮಾಡುವಂತೆ ಅದನ್ನು ಯಾ ಎಂದೂ, ಕಇಗ ಕೋನವನ್ನು ಕಾ ಎಂದೂ ಇಡೋಣ. ಒಳಗೆ ಎರಡು ರೇಖೆಗಳು ಅಡ್ಡಹಾಯುವ ಜಾಗದ ಕೋನ 180 − 60 − 50 = 70. ಅದರ ಶೃಂಗಾಭಿಮುಖ ಕೋನವೂ 70. ಆದ್ದರಿಂದ ಯಾ + ಕಾ = 110. ಒಂದು ಸಮೀಕರಣ ಸಿಕ್ಕಿತು, ಇನ್ನೊಂದು ಬೇಕು. ಮೇಲಿನ ಅಇಗ ತ್ರಿಭುಜಕ್ಕೆ ಹೋಗೋಣ. ಬಗಕ 40°, ಬಇಕ 50° ಎಂದು ಸುಲಭವಾಗಿ ಸಿಗುತ್ತದೆ. ಹಾಗಾಗಿ ಅಗಇ ಎಂದರೆ 140 − ಯಾ, ಅಇಗ ಎಂದರೆ 130 − ಕಾ. ಇವೆರಡಕ್ಕೆ 20 ಕೂಡಿಸಿದರೆ 180 ಆಗಬೇಕು. ಬಿಡಿಸಿದರೆ ಯಾ + ಕಾ = 110. ಮೊದಲಿನದೇ! ಬೇರೆ ಯಾವ ತ್ರಿಭುಜ, ಯಾವ ಚತುರ್ಭುಜ ಹಿಡಿದರೂ ಅದೇ ಸಮೀಕರಣ ವೇಷ ಬದಲಿಸಿ ಬರುತ್ತದೆ. ಎರಡನ್ನೂ ಕಳೆದರೆ ಉಳಿಯುವುದು 0 = 0.

ಈ ಸೊನ್ನೆಯನ್ನು ಕಂಡು ಪೇಪರ್ ಹರಿದು ಬಿಸಾಡುವವರೇ ಹೆಚ್ಚು. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಬೀಜಗಣಿತ ಅತ್ಯಂತ ಪ್ರಾಮಾಣಿಕವಾಗಿ ಮಾತಾಡಿದ ಜಾಗ ಇದು. ‘ಕೋನಗಳ ಮೊತ್ತ ಎಂಬ ಒಂದೇ ಸಂಗತಿಯನ್ನು ನೀವು ನನಗೆ ಎರಡು ಸಲ ಹೇಳಿದಿರಿ, ಉದ್ದಗಳ ವಿಷಯ ಇನ್ನೂ ಹೇಳಿಲ್ಲ’ ಎನ್ನುತ್ತಿದೆ ಅದು. ಉದ್ದಗಳನ್ನು ಸೈನ್ ನಿಯಮದ ಮೂಲಕ ಒಳಗೆ ತಂದರೆ ಸಮೀಕರಣ ಉತ್ತರ ಕೊಡುತ್ತದೆ. ಅಥವಾ ಒಂದು ಹೊಸ ರೇಖೆ ಎಳೆಯಬೇಕು. ಹೆಸರಾಂತ ಪರಿಹಾರದಲ್ಲಿ ಎಳೆಯುವುದು ಬ ಬಿಂದುವಿನಿಂದ ಪಾದಕ್ಕೆ 20° ಮಾಡುವ ರೇಖೆಯನ್ನು. ಅದು ಅಕ ಬಾಹುವನ್ನು ಮುಟ್ಟುವ ಬಿಂದು ಡ ಇರಲಿ.

ಬಡಕ ಕೋನ 80 ಆಗುವುದರಿಂದ ಬಡ, ಬಕ ಸಮ. ಬಇಕ, ಬಕಇ ಎರಡೂ 50 ಆದ್ದರಿಂದ ಬಇ, ಬಕ ಸಮ. ಅಂದರೆ ಬಡ, ಬಇ ಸಮ; ಅವುಗಳ ನಡುವಿನ ಕೋನ 80 − 20 = 60. ಆದ್ದರಿಂದ ಬಡಇ ಸಮಬಾಹು ತ್ರಿಭುಜ, ಡಇ ಕೂಡ ಅಷ್ಟೇ ಉದ್ದ. ಇನ್ನು ಡಬಗ ಕೋನ 60 − 20 = 40, ಬಗಡ ಕೋನವೂ 40; ಹಾಗಾಗಿ ಡಗ, ಡಬ ಸಮ. ಈಗ ಡಇ, ಡಗ ಸಮ; ಇಡಗ ಕೋನ 180 − 80 − 60 = 40; ಆದ್ದರಿಂದ ಡಗಇ 70. ಅದರಲ್ಲಿ 40 ಕಳೆದರೆ ಬಗಇ ಎಂದರೆ 30°.

ಈ ಪರಿಹಾರ ಓದಿದವರೆಲ್ಲ ಕೇಳುವ ಪ್ರಶ್ನೆ: ಆ 20 ಡಿಗ್ರಿಯ ರೇಖೆ ಎಳೆಯಬೇಕೆಂದು ಹೊಳೆದದ್ದಾದರೂ ಹೇಗೆ? ಪವಾಡದಂತೆ ಆಕಾಶದಿಂದ ಇಳಿದ ರೇಖೆ ಎಂಬ ಭಾವನೆ ಬರುತ್ತದೆ. ಹಿಂದಕ್ಕೆ ಹೋಗಿ ಸರಪಳಿಯನ್ನು ನೋಡಿ. ಬಕ, ಬಡ, ಡಇ ಸಮ ಎಂದು ನಾವು 9ಯಾ = 180 ಕಟ್ಟುವಾಗಲೇ ಎಳೆದಿದ್ದೆವು. ಪವಾಡದ ರೇಖೆ ಸರಪಳಿಯ ಎರಡನೇ ಕೊಂಡಿ, ಅಷ್ಟೆ. 20° ಕೋನ ಎಲ್ಲಿಂದ ಹುಟ್ಟಿತು ಎಂದು ಸಮೀಕರಣ ಕಟ್ಟಿ ತಿಳಿದವನಿಗೆ ಆ ರೇಖೆ ಚಿತ್ರದಲ್ಲಿ ಮೊದಲೇ ಕಾಣುತ್ತದೆ. 20 ಎಂದು ಅಚ್ಚಾಗಿ ಕೈಗೆ ಬಂದವನಿಗೆ ಕಾಣುವುದಿಲ್ಲ. ಅವ್ಯಕ್ತವನ್ನು ಯಾರು ಇಟ್ಟರು ಎಂಬ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಂದಹಾಗೆ, 20° ಕೂಡ ಕೈವಾರಕ್ಕೆ ಸಿಗದ ಕೋನ. ಅದರ ಕೊಸೈನಿನ ಇಮ್ಮಡಿಯನ್ನು ಯಾ ಎಂದರೆ ಯಾ³ = 3ಯಾ + 1 ಎಂಬ ಘನ ಸಮೀಕರಣ ಎದುರಾಗುತ್ತದೆ. ಲೀಲಾವತಿಯ ಪಟ್ಟಿ ಒಂಬತ್ತರಲ್ಲಿ ಜಾರಿದ್ದು ಇದೇ ಕೋನದ ಮೇಲೆ.

ಇಷ್ಟಕ್ಕೆ ಆಕ್ಷೇಪಗಳಿರುತ್ತವೆ. ಮೊದಲನೆಯದು ಮೇಷ್ಟ್ರುಗಳದು: ‘ಐವತ್ತು ಮಕ್ಕಳ ತರಗತಿಯಲ್ಲಿ ಲ್ಯಾಂಗ್ಲೆಯನ್ನು ಕಟ್ಟಿಕೊಂಡು ಏನು ಮಾಡೋದು? (3ಯಾ + 20) ಥರದ ಲೆಕ್ಕದಲ್ಲಿ ಸಮೀಕರಣ ಬಿಡಿಸುವ ಅಭ್ಯಾಸವಾದರೂ ಆಗುತ್ತದೆ, ನಾಪಾಸಾಗುವ ಹುಡುಗನಿಗೆ ಎರಡು ಅಂಕ ಸಿಗುತ್ತದೆ.’ ಮಾತು ನಿಜ. ಅಭ್ಯಾಸ ಬೇಕು. ಅದನ್ನು ಬೀಜಗಣಿತದ ಅಧ್ಯಾಯದಲ್ಲಿ, ಬೀಜಗಣಿತ ಎಂದೇ ಹೇಳಿ ಮಾಡಿಸಿದರೆ ನನ್ನದೇನೂ ತಕರಾರಿಲ್ಲ. ರೇಖೆಗಳು ಮತ್ತು ಕೋನಗಳ ಅಧ್ಯಾಯದ ಕೊನೆಯಲ್ಲಿ ಅದನ್ನೇ ರೇಖಾಗಣಿತ ಎಂದು ಬಡಿಸುವುದಕ್ಕೆ ತಕರಾರು. ಇಂಥ ಪ್ರಶ್ನೆಗಳು ಉಳಿದುಕೊಂಡಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ತಿದ್ದುವುದು ಸುಲಭ. ಉತ್ತರ ಒಂದೇ ಸಂಖ್ಯೆ, ದಾರಿ ಒಂದೇ. ಅವ್ಯಕ್ತವನ್ನು ಎಲ್ಲಿ ಬೇಕಾದರೂ ಇಡಬಹುದಾದ ಲೆಕ್ಕದಲ್ಲಿ ಹತ್ತು ಮಕ್ಕಳು ಹತ್ತು ದಾರಿಯಲ್ಲಿ ಹೋಗುತ್ತಾರೆ, ಮೌಲ್ಯಮಾಪನಕ್ಕೆ ಕೂತವರು ಒಂದೊಂದನ್ನೂ ಓದಬೇಕಾಗುತ್ತದೆ.

ಎರಡನೇ ಆಕ್ಷೇಪ ಎದುರು ದಿಕ್ಕಿನಿಂದ ಬರುವಂಥದ್ದು: ರೇಖಾಗಣಿತ ಕಣ್ಣಿನ ವಿದ್ಯೆ, ಅಕ್ಷರಗಳನ್ನು ತಂದು ಅದನ್ನು ಕೆಡಿಸಬೇಡಿ. ಇದಕ್ಕೆ ದೊಡ್ಡ ದೊಡ್ಡ ವಕೀಲರಿದ್ದರು. 1637ರಲ್ಲಿ ದೆಕಾರ್ತ್ ಬೀಜಗಣಿತವನ್ನು ರೇಖಾಗಣಿತದೊಳಗೆ ಪೂರ್ತಿ ಬಿಟ್ಟುಕೊಂಡ ಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ತತ್ತ್ವಜ್ಞಾನಿ ಹಾಬ್ಸ್, ಗಣಿತಜ್ಞ ವಾಲಿಸ್‌ನ ಪುಸ್ತಕದ ಚಿಹ್ನೆಗಳನ್ನು ಚರ್ಮರೋಗಕ್ಕೆ ಹೋಲಿಸಿ ಹೀಯಾಳಿಸಿದ. ಬೀಜಗಣಿತದಲ್ಲಿ ಎತ್ತಿದ ಕೈಯಾಗಿದ್ದ ನ್ಯೂಟನ್ ಕೂಡ 1687ರ ‘ಪ್ರಿನ್ಸಿಪಿಯಾ’ವನ್ನು ಬಹುಮಟ್ಟಿಗೆ ಹಳೆಯ ಗ್ರೀಕರ ಚಿತ್ರಗಳ ಧಾಟಿಯಲ್ಲೇ ಬರೆದ. ನಮ್ಮಲ್ಲಿ ಈ ಜಗಳ ನಡೆಯಲಿಲ್ಲ. ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಉಪಪತ್ತಿ ಎರಡು ಬಗೆಯದು ಎನ್ನುತ್ತಾರೆ: ಕ್ಷೇತ್ರಗತ ಒಂದು, ರಾಶಿಗತ ಇನ್ನೊಂದು. ಆಕೃತಿಯಲ್ಲಿ ತೋರಿಸುವುದು, ರಾಶಿಗಳಲ್ಲಿ ತೋರಿಸುವುದು, ಎರಡೂ ನಡೆಯುತ್ತದೆ.

ಒಂದು ಮಾತು ಮುಚ್ಚಿಡಬಾರದು. ನಮ್ಮ ಹಳೆಯ ಕ್ಷೇತ್ರಗಣಿತದಲ್ಲಿ ಅವ್ಯಕ್ತವಾಗಿ ಬರುತ್ತಿದ್ದದ್ದು ಬಾಹು, ಕರ್ಣ, ಲಂಬ, ವಿಸ್ತೀರ್ಣ. ತ್ರಿಭುಜದ ಕೋನವನ್ನೇ ಒಂದು ರಾಶಿಯಾಗಿ ಹಿಡಿದು ಹುಡುಕುವ ರೂಢಿ ಇರಲಿಲ್ಲ. ಕೋನದ ಕೆಲಸವನ್ನು ಜ್ಯೋತಿಷದ ಚಾಪ ಮತ್ತು ಜ್ಯಾಗಳು ಮಾಡುತ್ತಿದ್ದವು. ಯೂಕ್ಲಿಡ್ ಸಂಸ್ಕೃತಕ್ಕೆ ಬಂದದ್ದು 18ನೇ ಶತಮಾನದ ಆರಂಭದಲ್ಲಿ, ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಪಂಡಿತ ಜಗನ್ನಾಥ ಅರಬಿಯಿಂದ ‘ರೇಖಾಗಣಿತ’ವನ್ನು ತಂದಾಗ. ಇವತ್ತಿನ ಶಾಲೆಯ ಕೋನದ ಲೆಕ್ಕ ಯೂಕ್ಲಿಡ್‌ನ ಪ್ರಮೇಯ, ಬ್ಯಾಬಿಲೋನಿಯನ್ನರ ಡಿಗ್ರಿ, ಅರಬರ ಮತ್ತು ಭಾರತೀಯರ ಬೀಜಗಣಿತ ಮೂರೂ ಬೆರೆತ ಅಡುಗೆ. ಅದರಲ್ಲಿ ಯಾವುದೋ ಒಂದನ್ನು ಶುದ್ಧ ಎಂದು ಬೇರ್ಪಡಿಸಲು ಹೋಗುವುದು ವ್ಯರ್ಥ.

ಬದಲಾವಣೆಗೆ ಹೊಸ ಪಠ್ಯಪುಸ್ತಕ ಬೇಕಿಲ್ಲ. ಇರುವ ಲೆಕ್ಕಗಳಲ್ಲೇ ಚಿತ್ರದೊಳಗಿನ ಅಕ್ಷರಗಳನ್ನು ಅಳಿಸಿ, ಸಂಬಂಧವನ್ನು ಮಾತಿನಲ್ಲಿ ಹೇಳಿದರೆ ಸಾಕು: ‘ಎರಡು ಸಮಾಂತರ ರೇಖೆಗಳ ನಡುವೆ, ಛೇದಕದ ಒಂದೇ ಬದಿಯ ಒಳಕೋನಗಳಲ್ಲಿ ಒಂದು ಇನ್ನೊಂದರ ಎರಡರಷ್ಟಕ್ಕಿಂತ 15 ಡಿಗ್ರಿ ಕಡಿಮೆ.’ ಈಗ ಚಿತ್ರ ಎಳೆಯುವವನೂ ಮಗು, ಅವ್ಯಕ್ತ ಇಡುವವನೂ ಮಗು. ಉತ್ತರ 65 ಮತ್ತು 115 ಎಂದು ಬಂದ ಮೇಲೆ ಕೋನಮಾಪಕ ಇಟ್ಟು ಅಳೆದು ನೋಡಲಿ. ಸಮೀಕರಣದ ಪ್ರತಿ ಸಾಲಿನ ಪಕ್ಕದಲ್ಲಿ ‘ಏಕೆಂದರೆ’ ಎಂದು ಕಾರಣ ಬರೆಯಲಿ, ಮೂರು ಅಂಕದ ಪ್ರಶ್ನೆಯಲ್ಲಿ ಎರಡು ಅಂಕ ಆ ಕಾರಣಗಳಿಗೇ ಸಿಗಲಿ. ವರ್ಷಕ್ಕೆ ಒಂದು ಸಲವಾದರೂ ಉತ್ತರ ಬಾರದ ಲೆಕ್ಕವೊಂದನ್ನು ಕೊಟ್ಟು, ‘ಇಷ್ಟು ಮಾಹಿತಿ ಸಾಲದು’ ಎಂದು ಬರೆದವರಿಗೆ ಪೂರ್ತಿ ಅಂಕ ಕೊಡಲಿ. ಎಂಥ ಪ್ರಶ್ನೆಗೂ ಉತ್ತರ ಇದ್ದೇ ಇರುತ್ತದೆ ಎಂದು ನಂಬಿ ಬೆಳೆದ ಮಕ್ಕಳಿಗೆ 0 = 0 ಎಂದರೆ ಏನೆಂದು ಹೇಳಿಕೊಡಲು ಬೇರೆ ದಾರಿ ಕಾಣೆ.

ಮನೆಯಲ್ಲಿ ಒಂಬತ್ತನೆಯೋ ಹತ್ತನೆಯೋ ತರಗತಿಯ ಮಕ್ಕಳಿದ್ದರೆ ಸರಪಳಿಗೆ ಇನ್ನೊಂದು ಕೊಂಡಿ ಸೇರಿಸಿ ಅವರ ಮುಂದಿಡಿ, ಆರು ಸಮ ರೇಖೆಗಳದ್ದು. 11 ಎಂಬ ಸಂಖ್ಯೆಯನ್ನಾಗಲಿ, ಯಾ ಎಲ್ಲಿಡಬೇಕು ಎಂಬುದನ್ನಾಗಲಿ ದಯವಿಟ್ಟು ಮೊದಲೇ ಹೇಳಬೇಡಿ.